ರಾಜನಿಂದ ರಸೀದಿಯವರೆಗೆ: ‘ಚೆಕ್’ ನಡೆದು ಬಂದ ದಾರಿ

ಬಾಗಿಲು ಹಾಕಿದೆಯೇ ಎಂದು ಚೆಕ್ ಮಾಡುತ್ತೇವೆ. ಬ್ಯಾಂಕಿಗೆ ಚೆಕ್ ಹಾಕುತ್ತೇವೆ. ಚೆಕ್ಸ್ ಅಂಗಿ ತೊಡುತ್ತೇವೆ, ಚೆಕ್‌ಪೋಸ್ಟಿನಲ್ಲಿ ವಾಹನ ನಿಲ್ಲಿಸುತ್ತೇವೆ, ವಿಮಾನ ಹತ್ತುವ ಮೊದಲು ಚೆಕ್-ಇನ್ ಮಾಡುತ್ತೇವೆ, ಚದುರಂಗದಲ್ಲಿ ಎದುರಾಳಿಯ ರಾಜನಿಗೆ ಚೆಕ್ ಕೊಡುತ್ತೇವೆ. ಪರೀಕ್ಷೆ, ಹಣದ ಕಾಗದ, ಬಟ್ಟೆಯ ಚೌಕುಳಿ, ತಡೆ, ನೋಂದಣಿ, ಬೆದರಿಕೆ: ಇವಕ್ಕೆಲ್ಲ ಒಂದೇ ಹೆಸರು ಹೇಗೆ ಬಂತು? ಉಚ್ಚಾರ ಆಕಸ್ಮಿಕವಾಗಿ ಕೂಡಿಬಂದ ಬೇರೆ ಬೇರೆ ಪದಗಳಿರಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಇಂಗ್ಲಿಷಿನಲ್ಲಿ ಅಂಥವು ಬೇಕಾದಷ್ಟಿವೆ. ಆದರೆ ‘ಚೆಕ್’ ಹಾಗಲ್ಲ. ಈ ಎಲ್ಲ ಅರ್ಥಗಳಿಗೂ ತಾಯಿಬೇರು ಒಂದೇ, ಆ ಬೇರಿನಲ್ಲಿ ಕುಳಿತಿರುವವನು ಒಬ್ಬ ರಾಜ.

ಪದಗಳ ಚರಿತ್ರೆ ಓದುವುದು ನನಗೆ ಬಹಳ ಪ್ರಿಯವಾದ ಕೆಲಸ. ಅದರಲ್ಲೂ ಈ ಪದದ ಬೆನ್ನು ಹತ್ತಿ ಹೋಗುವಾಗ ಸಿಕ್ಕಷ್ಟು ಸಂತೋಷ ಬೇರೆಲ್ಲೂ ಸಿಕ್ಕಿಲ್ಲ. ಅಧಿಕಾರದ ಹೆಸರಾಗಿ ಹುಟ್ಟಿದ ಪದವೊಂದು ಅಧಿಕಾರಕ್ಕೇ ಕಡಿವಾಣ ಹಾಕುವ ಪದವಾಗಿ ಬೆಳೆದದ್ದು ನನ್ನನ್ನು ಹಿಡಿದು ನಿಲ್ಲಿಸಿದೆ.

ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ, ಕ್ರಿಸ್ತಪೂರ್ವ 520ರ ಸುಮಾರಿಗೆ, ದೊರೆ ದಾರಿಯಸ್ ತನ್ನ ವಿಜಯಗಳನ್ನು ಕೆತ್ತಿಸಿದ. ತಾನು ಮಹಾರಾಜ, ರಾಜರ ರಾಜ ಎಂದು ಅಲ್ಲಿ ಹೇಳಿಕೊಳ್ಳುತ್ತಾನೆ. ರಾಜ ಎನ್ನುವುದಕ್ಕೆ ಆ ಹಳೆಯ ಪಾರಸಿಯಲ್ಲಿದ್ದ ಪದ ‘ಕ್ಷಾಯಥಿಯ’. ಶತಮಾನಗಳು ಉರುಳಿದಂತೆ ಪದ ಸವೆದು ‘ಶಾಹ್’ ಎಂದಾಯಿತು, ರಾಜರ ರಾಜ ‘ಶಹನ್‌ಶಾಹ’ನಾದ. ‘ಕ್ಷಾಯಥಿಯ’ದ ಮೊದಲ ಅಕ್ಷರವನ್ನು ಕೇಳಿದ ಕನ್ನಡಿಗನ ಕಿವಿ ನೆಟ್ಟಗಾಗಲೇಬೇಕು. ಸಂಸ್ಕೃತದ ‘ಕ್ಷತ್ರ’ ಎಂದರೆ ಆಳುವ ಬಲ. ‘ಕ್ಷತ್ರಿಯ’ ಬಂದದ್ದು ಅದರಿಂದ. ಆಳು ಎಂಬ ಅರ್ಥದ ಒಂದೇ ಮೂಲದಿಂದ ಇತ್ತ ಕ್ಷತ್ರಿಯನೂ ಅತ್ತ ಶಾಹನೂ ಹೊರಟವರು. ಅದೇ ಬಳಗದ ಹಳೆಯ ಪಾರಸಿ ಪದವೊಂದಕ್ಕೆ ರಾಜ್ಯವನ್ನು ಕಾಯುವವನು ಎಂಬ ಅರ್ಥವಿತ್ತು, ನಮ್ಮ ಇತಿಹಾಸದ ಪಠ್ಯಗಳಲ್ಲಿ ಬರುವ ‘ಕ್ಷತ್ರಪ’ ಅವನೇ. ಇನ್ನೊಂದು ಪದ ರಾಜ್ಯ ಎಂಬ ಅರ್ಥದಿಂದ ಕಿರಿದಾಗುತ್ತಾ ಪಟ್ಟಣಕ್ಕೆ ಬಂದು ನಿಂತು ‘ಶಹರ್’ ಆಯಿತು. ಹಾಗಾಗಿ ಕ್ಷತ್ರಿಯ, ಕ್ಷತ್ರಪ, ಶಹರ, ಚೆಕ್ ಈ ನಾಲ್ಕೂ ದೂರದ ದಾಯಾದಿಗಳು. ಈ ಸಂಬಂಧವನ್ನು ಮೊದಲ ಬಾರಿಗೆ ತಿಳಿದಾಗ ಆದ ರೋಮಾಂಚನ ನನಗೆ ಇಂದಿಗೂ ಆರಿಲ್ಲ.

ಶಾಹ್ ಸಿಂಹಾಸನದಿಂದ ಆಟದ ಹಾಸಿಗೆ ಇಳಿದದ್ದು ಚದುರಂಗದ ಮೂಲಕ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯ ಹೆಸರು ಹೊತ್ತ ಚತುರಂಗ ಭಾರತದಿಂದ ಪರ್ಷಿಯಾಕ್ಕೆ ಹೋಗಿ ‘ಚತ್ರಂಗ್’ ಆಯಿತು. ಏಳನೆಯ ಶತಮಾನದಲ್ಲಿ ಅರಬರು ಪರ್ಷಿಯಾವನ್ನು ಗೆದ್ದ ಮೇಲೆ ಅವರ ಬಾಯಲ್ಲಿ ‘ಶತ್ರಂಜ್’ ಎನಿಸಿಕೊಂಡಿತು. ಆಟದ ಮರ್ಯಾದೆಯೊಂದಿತ್ತು: ಎದುರಾಳಿಯ ರಾಜನ ಮೇಲೆ ದಾಳಿ ಮಾಡುವವನು ‘ಶಾಹ್’ ಎಂದು ಕೂಗಿ ಹೇಳಬೇಕು. ನಿನ್ನ ರಾಜನಿಗೆ ಕುತ್ತು ಬಂದಿದೆ, ನೋಡಿಕೋ ಎಂದು. ಬೇರೆ ಯಾವ ಕಾಯಿಯನ್ನಾದರೂ ಸದ್ದಿಲ್ಲದೆ ಹೊಡೆಯಬಹುದು, ರಾಜನನ್ನು ಮಾತ್ರ ಎಚ್ಚರಿಸದೆ ಹಿಡಿಯುವಂತಿಲ್ಲ.

ಆ ಒಂದು ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಕೂಗು ಕೇಳಿದವನು ಅದುವರೆಗೆ ಹೆಣೆದಿದ್ದ ಯೋಜನೆಯನ್ನೆಲ್ಲ ಕೈಬಿಡಬೇಕು. ಅವನಿಗಿರುವುದು ಮೂರೇ ದಾರಿ. ರಾಜನನ್ನು ಸರಿಸಬೇಕು, ಇಲ್ಲವೇ ನಡುವೆ ಒಂದು ಕಾಯಿಯನ್ನು ಅಡ್ಡ ತರಬೇಕು, ಇಲ್ಲವೇ ಮೇಲೆರಗಿದ ಕಾಯಿಯನ್ನೇ ಹೊಡೆಯಬೇಕು. ಮೂರೂ ಆಗದಿದ್ದರೆ ಆಟ ಮುಗಿಯಿತು, ‘ಶಾಹ್ ಮಾತ್’. ಅರಬ್ಬಿಯಲ್ಲಿ ‘ಮಾತ’ ಎಂದರೆ ಸತ್ತ. ಹಾಗಾಗಿ ರಾಜ ಸತ್ತ ಎಂಬ ವಿವರಣೆ ಬಹಳ ಪ್ರಚಾರದಲ್ಲಿದೆ. ಪಾರಸಿಯಲ್ಲಿ ‘ಮಾತ್’ ಎಂದರೆ ದಿಕ್ಕು ತೋಚದೆ ಉಳಿದವನು ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ನನಗೆ ಎರಡನೆಯದೇ ಸರಿಯೆನಿಸುತ್ತದೆ, ಏಕೆಂದರೆ ಈ ಆಟದಲ್ಲಿ ರಾಜನನ್ನು ಯಾರೂ ಕೊಲ್ಲುವುದಿಲ್ಲ. ಅವನು ಕೊನೆಗೂ ಹಾಸಿನ ಮೇಲೆಯೇ ನಿಂತಿರುತ್ತಾನೆ, ಅಡಿ ಇಡಲು ಮನೆ ಇರುವುದಿಲ್ಲ ಅಷ್ಟೇ.

ಆಟ ಯುರೋಪಿಗೆ ದಾಟಿದಾಗ ಹೆಸರು ಎರಡು ಕವಲಾಯಿತು. ಅರಬರ ಆಳ್ವಿಕೆಯಿದ್ದ ಐಬೀರಿಯಾದಲ್ಲಿ ಚತುರಂಗದ ಹೆಸರೇ ಉಳಿಯಿತು. ಸ್ಪ್ಯಾನಿಷಿನ ‘ಅಹೆದ್ರೆಸ್’, ಪೋರ್ಚುಗೀಸಿನ ‘ಶದ್ರೆಸ್’ ಎರಡೂ ಶತ್ರಂಜದ ರೂಪಗಳು. ಉಳಿದ ಕಡೆ ಜನರ ಕಿವಿಗೆ ಬಿದ್ದದ್ದು ಆಟಗಾರರು ಮತ್ತೆ ಮತ್ತೆ ಕೂಗುತ್ತಿದ್ದ ‘ಶಾಹ್’. ಅದನ್ನೇ ಅವರು ಆಟದ ಹೆಸರಾಗಿಸಿಕೊಂಡರು. ಜರ್ಮನ್ನಿನ ‘ಶಾಖ್’, ಇಟಾಲಿಯನ್ನಿನ ‘ಸ್ಕಾಕ್ಕಿ’, ರಷ್ಯನ್ನಿನ ‘ಶಾಖ್ಮಾತಿ’ ಹೀಗೆ ಹುಟ್ಟಿದವು. ಲ್ಯಾಟಿನ್ನಿನಲ್ಲಿ ‘ಸ್ಕಾಕುಸ್’ ಎನಿಸಿಕೊಂಡದ್ದು ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಆಯಿತು. ಅದರ ಬಹುವಚನ ‘ಎಶೆಸ್’ ಇಂಗ್ಲಿಷಿಗೆ ಬಂದು ‘ಚೆಸ್’ ಆಯಿತು, ಏಕವಚನ ‘ಚೆಕ್’ ಆಯಿತು. ಅಂದರೆ ‘ಚೆಸ್’ ಎಂಬುದು ‘ಚೆಕ್’ನ ಬಹುವಚನ, ರಾಜರುಗಳು ಎಂದು ಹೇಳಿದಂತೆ. ಇಂದಿನ ಫ್ರೆಂಚಿನಲ್ಲಿ ಏಕವಚನಕ್ಕೆ ಸೋಲು, ವೈಫಲ್ಯ ಎಂಬ ಅರ್ಥವೂ ಅಂಟಿಕೊಂಡಿದೆ. ದಾರಿಯಸ್ ಬಂಡೆಯ ಮೇಲೆ ಗೆಲುವಿಗಾಗಿ ಕೆತ್ತಿಸಿದ್ದ ಬಿರುದು ಅದು.

ಇನ್ನು ಚೌಕುಳಿ. ಭಾರತದಲ್ಲೂ ಪರ್ಷಿಯಾದಲ್ಲೂ ಅರಬ್ ನಾಡುಗಳಲ್ಲೂ ಚದುರಂಗದ ಹಾಸಿಗೆ ಎರಡು ಬಣ್ಣ ಇರಲಿಲ್ಲ. ನಮ್ಮ ಹಳೆಯ ಅಷ್ಟಾಪದ ಬರೀ ಗೆರೆ ಎಳೆದ ಅರವತ್ತನಾಲ್ಕು ಮನೆಗಳ ಹಾಸು. ಒಂದು ಬಿಟ್ಟು ಒಂದಕ್ಕೆ ಬಣ್ಣ ತುಂಬಿದವರು ಯುರೋಪಿನವರು. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿ ಉಳಿದುಬಂದ, ಹತ್ತನೆಯ ಶತಮಾನದ ಕೊನೆಯ ಲ್ಯಾಟಿನ್ ಪದ್ಯವೊಂದರಲ್ಲಿ ಇಂಥ ಎರಡು ಬಣ್ಣದ ಹಾಸಿನ ಮಾತು ಬರುತ್ತದೆ. ಕಣ್ಣಿಗೆ ಅನುಕೂಲವಾಗಲಿ ಎಂದು ಮಾಡಿಕೊಂಡ ಆ ಸಣ್ಣ ಬದಲಾವಣೆಯಿಂದಾಗಿ ರಾಜನ ಹೆಸರು ಒಂದು ವಿನ್ಯಾಸಕ್ಕೂ ಬಂತು. ಅಂಗಿಯ ಚೆಕ್ಸ್, ಮೋಟಾರು ಪಂದ್ಯದ ಕೊನೆಯಲ್ಲಿ ಬೀಸುವ ಕಪ್ಪು ಬಿಳುಪಿನ ಬಾವುಟ, ಎಲ್ಲವೂ ಆ ಹಾಸಿನಿಂದಲೇ ಬಂದವು. ಏರುಪೇರಿನ ಬದುಕು ಕಂಡವನನ್ನು ಇಂಗ್ಲಿಷರು ಚೌಕುಳಿ ಭೂತಕಾಲದವನು ಎನ್ನುವುದೂ ಇದೇ ಬಿಳಿ ಕಪ್ಪು ಮನೆಗಳ ನೆನಪಿನಿಂದ.

ಈಗ ಬರುವುದು ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ಅರಸನ ಕಂದಾಯದ ಲೆಕ್ಕ ನೋಡುವ ಕಚೇರಿಗೆ ‘ಎಕ್ಸ್‌ಚೆಕರ್’ ಎಂದು ಹೆಸರು. ಹಳೆಯ ಫ್ರೆಂಚಿನ ‘ಎಶೆಕಿಯೇ’, ಅಂದರೆ ಚದುರಂಗದ ಹಾಸು, ಅದರ ಮೂಲ. ಮೊದಲಲ್ಲಿರುವ ‘ಎಸ್’ ಲ್ಯಾಟಿನ್ನಿನ ‘ಎಕ್ಸ್’ ಇರಬೇಕೆಂದು ಬರಹಗಾರರು ತಪ್ಪಾಗಿ ಊಹಿಸಿ ಕಾಗುಣಿತವನ್ನು ತಿದ್ದಿಬಿಟ್ಟರು. ಕಚೇರಿಗೆ ಆ ಹೆಸರೇಕೆ ಎಂಬುದನ್ನು ಅಲ್ಲಿನ ಖಜಾಂಚಿಯೇ ಬರೆದಿಟ್ಟಿದ್ದಾನೆ. ರಿಚರ್ಡ್ ಫಿಟ್ಜ್‌ನೀಲ್ ಎಂಬ ಈತ 1170ರ ದಶಕದ ಕೊನೆಯ ಹೊತ್ತಿಗೆ, ಗುರುಶಿಷ್ಯರ ಸಂವಾದದ ರೂಪದಲ್ಲಿ, ಕಚೇರಿಯ ಕೆಲಸವನ್ನೆಲ್ಲ ವಿವರಿಸಿದ. ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜು. ಮೇಲಿಟ್ಟದ್ದು ಉರುಳಿ ಬೀಳದಂತೆ ಸುತ್ತಲೂ ನಾಲ್ಕು ಬೆರಳು ಎತ್ತರದ ಅಂಚು. ಅದರ ಮೇಲೆ ಗೆರೆಗಳನ್ನೆಳೆದ ಕಪ್ಪು ಬಟ್ಟೆ, ಗೆರೆಯಿಂದ ಗೆರೆಗೆ ಒಂದು ಅಡಿ ಇಲ್ಲವೇ ಹರಡಿದ ಅಂಗೈಯಷ್ಟು ದೂರ. ಬಲತುದಿಯ ಅಂಕಣ ಪೆನ್ನಿಗಳಿಗೆ, ಮುಂದಿನದು ಶಿಲಿಂಗಿಗೆ, ಅದರಾಚೆ ಪೌಂಡು, ಇಪ್ಪತ್ತು ಪೌಂಡು, ನೂರು, ಸಾವಿರ. ರೋಮನ್ ಅಂಕಿಗಳಲ್ಲಿ ಕೂಡುವುದು ಕಳೆಯುವುದು ಪ್ರಾಣಸಂಕಟದ ಕೆಲಸ. ಆದ್ದರಿಂದ ಆಯಾ ಅಂಕಣದಲ್ಲಿ ಬಿಲ್ಲೆಗಳನ್ನಿಟ್ಟು ಲೆಕ್ಕ ಮಾಡುತ್ತಿದ್ದರು. ಕೊಡಬೇಕಾದದ್ದು ಮೇಲಿನ ಸಾಲಿನಲ್ಲಿ, ಕೊಟ್ಟದ್ದು ಕೆಳಗೆ. ಮೇಲಿನಿಂದ ಬಿಲ್ಲೆ ತೆಗೆಯುತ್ತಾ ಹೋದರೆ ಬಾಕಿ ಎಷ್ಟೆಂಬುದು ಓದುಬರಹ ಬಾರದವನ ಕಣ್ಣಿಗೂ ಕಾಣುತ್ತಿತ್ತು.

ಮೇಜಿನ ಒಂದು ಕಡೆ ಖಜಾಂಚಿ, ಎದುರಿಗೆ ತನ್ನ ಜಿಲ್ಲೆಯ ಕಂದಾಯದ ಲೆಕ್ಕ ಒಪ್ಪಿಸಲು ಬಂದ ಶೆರಿಫ್. ಈ ಹೆಸರೇಕೆ ಎಂದು ಶಿಷ್ಯ ಕೇಳಿದಾಗ ಗುರು ಮೊದಲು ಹಾಸಿನ ಹೋಲಿಕೆಯನ್ನು ಹೇಳಿ, ಆಮೇಲೆ ಇನ್ನೊಂದು ಕಾರಣ ಕೊಡುತ್ತಾನೆ: ಚದುರಂಗದಲ್ಲಿ ಇಬ್ಬರು ರಾಜರ ನಡುವೆ ಕಾಳಗ ನಡೆಯುವಂತೆ ಇಲ್ಲಿ ಖಜಾಂಚಿಗೂ ಶೆರಿಫನಿಗೂ ನಡೆಯುತ್ತದೆ, ಉಳಿದವರು ತೀರ್ಪುಗಾರರಾಗಿ ಕೂತು ನೋಡುತ್ತಾರೆ. ಎಂಟುನೂರು ವರ್ಷಗಳಿಗೂ ಹಿಂದೆ ಲೆಕ್ಕಪರಿಶೋಧನೆಯ ಒಳಗುಟ್ಟನ್ನು ಇಷ್ಟು ಚೆನ್ನಾಗಿ ಹಿಡಿದ ಅಧಿಕಾರಿಯ ಬಗ್ಗೆ ನನಗೆ ಅಪಾರ ಗೌರವ. ಬ್ರಿಟನ್ನಿನ ಹಣಕಾಸು ಸಚಿವರ ಅಧಿಕೃತ ಪದವಿಯ ಹೆಸರು ಇಂದಿಗೂ ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್. ಚದುರಂಗದ ಹಾಸಿನ ಮೇಲಧಿಕಾರಿ!

ಆ ಕಚೇರಿಯ ರಸೀದಿ ಮರದ್ದಾಗಿತ್ತು. ಫಿಟ್ಜ್‌ನೀಲ್ ಕೊಡುವ ಅಳತೆಗಳೇ ಒಂದು ಸೊಗಸು: ಸಾವಿರ ಪೌಂಡಿಗೆ ಕೋಲಿನಲ್ಲಿ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಕಚ್ಚು ಹಾಕಿದ ಕೋಲನ್ನು ಉದ್ದಕ್ಕೆ ಸೀಳಿ, ಒಂದು ಪಾಲು ಹಣ ಕೊಟ್ಟವನಿಗೆ, ಇನ್ನೊಂದು ಪಾಲು ಕಚೇರಿಗೆ. ಮುಂದೆ ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡುವುದು. ಕಚ್ಚುಗಳೂ ಮರದ ಎಳೆಗಳೂ ಒಂದಕ್ಕೊಂದು ಕೂಡಿದರೆ ಲೆಕ್ಕ ಸರಿ, ಯಾರಾದರೂ ಒಂದು ಕಚ್ಚು ಹೆಚ್ಚಿಗೆ ಹಾಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತಾರೆ. ಈ ಪದ್ಧತಿ 1826ರವರೆಗೂ ನಡೆಯಿತು. ರಾಶಿ ಬಿದ್ದಿದ್ದ ಹಳೆಯ ಕೋಲುಗಳನ್ನು 1834ರ ಅಕ್ಟೋಬರ್ 16ರಂದು ವೆಸ್ಟ್‌ಮಿನ್‌ಸ್ಟರ್ ಅರಮನೆಯ ಒಲೆಗಳಿಗೆ ತುಂಬಿ ಸುಡಲು ಹೋದಾಗ ಬೆಂಕಿ ಕಟ್ಟಡಕ್ಕೆ ಹತ್ತಿ ಸಂಸತ್ ಭವನವೇ ಉರಿದುಹೋಯಿತು.

ಎರಡು ಪ್ರತಿಗಳನ್ನು ಜೋಡಿಸಿ ನೋಡುವ ಈ ಅಭ್ಯಾಸವನ್ನು ನೆನಪಿಟ್ಟುಕೊಳ್ಳಬೇಕು, ‘ಚೆಕ್ ಮಾಡು’ ಎಂಬ ಕ್ರಿಯಾಪದ ಹುಟ್ಟಿದ್ದು ಅಂಥದೇ ಮನಸ್ಸಿನಿಂದ. ಕವಿ ಚಾಸರ್ ಹದಿನಾಲ್ಕನೆಯ ಶತಮಾನದಲ್ಲಿ ಬರೆದ ಪದ್ಯವೊಂದರಲ್ಲಿ ವಿಧಿಯು ಒಬ್ಬ ಶೋಕತಪ್ತನ ಎದುರು ಚದುರಂಗವಾಡಿ, ಹಾಸಿನ ನಟ್ಟನಡುವೆ ಚೆಕ್ ಎಂದೂ ಮೇಟ್ ಎಂದೂ ಹೇಳುತ್ತಾಳೆ. ಅದೇ ಚಾಸರ್ 1374ರಿಂದ ಲಂಡನ್ ಬಂದರಿನಲ್ಲಿ ಉಣ್ಣೆಯ ಸುಂಕದ ಕಂಟ್ರೋಲರ್ ಆಗಿದ್ದ. ಸುಂಕ ವಸೂಲಿ ಮಾಡುವವರು ಒಂದು ಸುರುಳಿಯಲ್ಲಿ ಲೆಕ್ಕ ಬರೆದರೆ, ಅದಕ್ಕೆ ಪ್ರತಿಯಾಗಿ ಇನ್ನೊಂದು ಸುರುಳಿಯನ್ನು ಅವನು ತನ್ನ ಸ್ವಂತ ಕೈಬರಹದಲ್ಲೇ ಬರೆದಿಡಬೇಕೆಂಬುದು ನೇಮಕದ ಷರತ್ತು. ‘ಕಂಟ್ರೋಲ್’ ಎಂಬುದರ ಮೂಲಾರ್ಥವೂ ಪ್ರತಿಸುರುಳಿ ಎಂದೇ. ಎರಡು ಸುರುಳಿಗಳೂ ತಾಳೆ ಬಿದ್ದರೆ ಮಾತ್ರ ಎಕ್ಸ್‌ಚೆಕರಿನ ಕಪ್ಪು ಬಟ್ಟೆಯ ಮುಂದೆ ಲೆಕ್ಕ ನಿಲ್ಲುತ್ತಿತ್ತು.

ಚಾಸರನ ಕಾಲಕ್ಕೆ ಚೆಕ್ ಎಂದರೆ ದಾಳಿ, ಹಠಾತ್ ತಡೆ. ರಾಜನ ನಡೆಯನ್ನು ತಡೆಯುವುದು ಎಂಬುದರಿಂದ ಯಾರ ನಡೆಯನ್ನಾದರೂ ತಡೆಯುವುದು, ಗದರಿಸಿ ನಿಲ್ಲಿಸುವುದು ಎಂಬ ಅರ್ಥಗಳು ಬಂದವು. ಡೇಗೆ ಹಕ್ಕಿಯನ್ನು ಬೇಟೆಗೆ ಬಿಡುವವರೂ ಇದನ್ನು ತಮ್ಮ ಕಸುಬಿಗೆ ಎಳೆದುಕೊಂಡರು: ಹಿಡಿಯಬೇಕಾದ ಬೇಟೆಯನ್ನು ಬಿಟ್ಟು ಹಕ್ಕಿ ಎದುರಿಗೆ ಸಿಕ್ಕ ಬೇರೊಂದರ ಬೆನ್ನು ಹತ್ತಿದರೆ ಅದಕ್ಕೂ ಚೆಕ್ ಎಂದೇ ಹೆಸರು. ಪರಿಶೀಲಿಸು ಎಂಬ ಅರ್ಥ ಬಹಳ ತಡವಾಗಿ, ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಬೇರೂರಿತು. ಮೋಸ ಮುಂದುವರಿಯದಂತೆ ತಡೆಯಬೇಕಾದರೆ ಇದನ್ನು ಅದರೊಂದಿಗೆ ಹೋಲಿಸಿ ನೋಡಬೇಕು. ತಡೆ ಎಂಬುದು ನೋಟವಾಗಿ ಬದಲಾದದ್ದು ಅಲ್ಲಿ. ನಾವು ದಿನಕ್ಕೆ ಹತ್ತಾರು ಬಾರಿ ಬಳಸುವ ಅರ್ಥವೇ ಈ ಕುಟುಂಬದ ಕಿರಿಯ ಕೂಸು.

ಬ್ಯಾಂಕಿನ ಚೆಕ್ ಕೂಡ ಇಲ್ಲಿಂದಲೇ ಬಂದದ್ದು. ಹಣ ಕೊಡಿ ಎಂದು ಸಾಹುಕಾರನಿಗೆ ಚೀಟಿ ಬರೆಯುವ ರೂಢಿ ಹೆಸರಿಗಿಂತ ಹಳೆಯದು. ಇಂಗ್ಲೆಂಡಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಚೀಟಿಗಳಲ್ಲಿ ಒಂದು 1659ರದ್ದು, 400 ಪೌಂಡಿನದು. ಆಗಿನ್ನೂ ಅದಕ್ಕೆ ಚೆಕ್ ಎಂಬ ಹೆಸರಿರಲಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಚೆಕ್ ಎಂದರೆ ಪಾವತಿ ಕಾಗದದ ಪಕ್ಕದಲ್ಲಿ ಉಳಿಯುವ ತುಂಡು. ಮೊತ್ತವನ್ನು ಯಾರಾದರೂ ತಿದ್ದಿದರೆ ಆ ತುಂಡಿನೊಂದಿಗೆ ಹೋಲಿಸಿ ಕಳ್ಳತನ ತಡೆಯಬಹುದಿತ್ತು. ಕ್ರಮೇಣ ತುಂಡಿನ ಹೆಸರು ಇಡೀ ಕಾಗದಕ್ಕೆ ಅಂಟಿತು. ಬ್ರಿಟನ್ನಿನವರು ಬಳಸುವ ಉದ್ದನೆಯ ಕಾಗುಣಿತ ಎಕ್ಸ್‌ಚೆಕರಿನ ಪ್ರಭಾವದಿಂದ ಬಂದದ್ದು, ಅಮೆರಿಕದವರು ಗಿಡ್ಡ ರೂಪವನ್ನೇ ಉಳಿಸಿಕೊಂಡರು. ಈ ಜಗಳದಲ್ಲಿ ನಾನು ಅಮೆರಿಕದವರ ಪಕ್ಷ, ಕಳ್ಳತನ ತಡೆಯುವ ಆ ತುಂಡಿನ ನೆನಪು ಗಿಡ್ಡ ರೂಪದಲ್ಲೇ ನಿಚ್ಚಳವಾಗಿದೆ.

ರಾಜಕೀಯಕ್ಕೂ ಪದ ಬಂತು. ಅಮೆರಿಕದ ಹೊಸ ಸಂವಿಧಾನವನ್ನು ಜನ ಒಪ್ಪಬೇಕೆಂದು ವಾದಿಸುತ್ತಾ 1787ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಹಿಂದಿನವರಿಗೆ ಸರಿಯಾಗಿ ತಿಳಿಯದಿದ್ದ ಆಡಳಿತದ ಉಪಾಯಗಳನ್ನು ಎಣಿಸುವಾಗ ಶಾಸಕಾಂಗದ ಸಮತೋಲನಗಳನ್ನೂ ಚೆಕ್‌ಗಳನ್ನೂ ಹೆಸರಿಸುತ್ತಾನೆ. ಮರುವರ್ಷ ಜೇಮ್ಸ್ ಮ್ಯಾಡಿಸನ್ ಬರೆದದ್ದು ಇನ್ನೂ ಪ್ರಸಿದ್ಧ: ಮನುಷ್ಯರನ್ನು ದೇವದೂತರು ಆಳುವಂತಿದ್ದರೆ ಸರ್ಕಾರದ ಮೇಲೆ ಒಳಗಿನ ಹೊರಗಿನ ಕಂಟ್ರೋಲುಗಳೇ ಬೇಕಾಗುತ್ತಿರಲಿಲ್ಲ. ರಾಷ್ಟ್ರಾಧ್ಯಕ್ಷ ಮಸೂದೆಯನ್ನು ತಡೆಯಬಹುದು, ಸಂಸತ್ತಿನ ಎರಡೂ ಸದನಗಳು ಮೂರನೆಯ ಎರಡರಷ್ಟು ಬಹುಮತದಿಂದ ಆ ತಡೆಯನ್ನು ದಾಟಬಹುದು. ಚದುರಂಗದ ಕೂಗು ಕಾನೂನಾದದ್ದು ಹೀಗೆ. ಆಳುವವನಿಗೆ ಎದುರಾಗಿ ಇನ್ನೊಬ್ಬ ನಿಂತು, ಎಲ್ಲರಿಗೂ ಕೇಳುವಂತೆ, ಮುಂದೆ ಹೋಗುವಂತಿಲ್ಲ ಎಂದು ಹೇಳುವ ಹಕ್ಕಿಗೆ ಆಳುವವನದೇ ಹಳೆಯ ಬಿರುದು ಹೆಸರಾಯಿತು. ನನ್ನ ಮಟ್ಟಿಗೆ ಈ ಪದ ಏರಿದ ಅತಿ ಎತ್ತರದ ಮೆಟ್ಟಿಲು ಇದು.

ಉಳಿದ ಅರ್ಥಗಳು ಬೇಗ ಹೇಳಿ ಮುಗಿಯುವಂಥವು. ಸಾಮಾನು ಒಪ್ಪಿಸಿದಾಗ ಕೊಡುವ ಬಿಲ್ಲೆಗೆ ಚೆಕ್ ಎಂಬ ಹೆಸರಿತ್ತು, ಅದೂ ಜೋಡಿಸಿ ನೋಡುವ ತುಂಡೇ. ಮಳೆಯಿಂದ ಬೇಸ್‌ಬಾಲ್ ಪಂದ್ಯ ನಿಂತರೆ ಇನ್ನೊಂದು ದಿನ ಒಳಗೆ ಬಿಡಲು ಕೊಡುತ್ತಿದ್ದ ಚೀಟಿ 1880ರ ದಶಕದ ಅಮೆರಿಕದಲ್ಲಿ ಮಳೆ-ಚೆಕ್ ಎನಿಸಿಕೊಂಡಿತು. ಐಸ್ ಹಾಕಿಯಲ್ಲಿ ಮೈಯಿಂದ ಗುದ್ದಿ ತಡೆಯುವುದೂ ಚೆಕ್. ಪೂರ್ವ, ಪಶ್ಚಿಮ ಬರ್ಲಿನ್ನುಗಳ ನಡುವೆ ಇದ್ದ ಗಡಿ ತಪಾಸಣೆಯ ಜಾಗವಾದ ಚೆಕ್‌ಪಾಯಿಂಟ್ ಚಾರ್ಲಿಯಲ್ಲಿ ‘ಚಾರ್ಲಿ’ ಯಾರೋ ವ್ಯಕ್ತಿಯಲ್ಲ, ಸೇನೆಯ ಅಕ್ಷರಮಾಲೆಯಲ್ಲಿ ಮೂರನೆಯ ಅಕ್ಷರ. ಅಂದಹಾಗೆ, ಚೆಕ್ ಗಣರಾಜ್ಯಕ್ಕೂ ಇದಕ್ಕೂ ಯಾವ ನಂಟೂ ಇಲ್ಲ, ಅದು ಅಲ್ಲಿನ ಸ್ಲಾವ್ ಜನಾಂಗದ ಹೆಸರು. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ರೀತಿ ಕಾಣುವುದರಿಂದ ಹೇಳಬೇಕಾಯಿತು.

ಕೊನೆಯದಾಗಿ ಒಂದನ್ನು ಮಾತ್ರ ಸ್ವಲ್ಪ ನಿಂತು ನೋಡುತ್ತೇನೆ: ಕ್ರೆಡಿಟ್ ಕಾರ್ಡಿನ ಸಂಖ್ಯೆಯ ಕೊನೆಯಲ್ಲಿರುವ ಚೆಕ್ ಅಂಕಿ. ಐಬಿಎಂನಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ ಕಂಡುಹಿಡಿದ ಈ ವಿಧಾನಕ್ಕೆ 1960ರಲ್ಲಿ ಪೇಟೆಂಟ್ ಸಿಕ್ಕಿತು. 186 ಎಂಬ ಸಂಖ್ಯೆ ಇದೆ ಎನ್ನೋಣ. ಬಲದಿಂದ ಶುರುಮಾಡಿ ಒಂದು ಬಿಟ್ಟು ಒಂದು ಅಂಕಿಯನ್ನು ದ್ವಿಗುಣಗೊಳಿಸಬೇಕು. 6 ದ್ವಿಗುಣವಾಗಿ 12, ಅದರ ಅಂಕಿಗಳ ಮೊತ್ತ 3. 8 ಹಾಗೆಯೇ ಇರಲಿ. 1 ದ್ವಿಗುಣವಾಗಿ 2. ಕೂಡಿದರೆ 13, ಹತ್ತರ ಮುಂದಿನ ಗುಣಕವಾದ 20ನ್ನು ಮುಟ್ಟಲು 7 ಬೇಕು. ಆ 7ನ್ನು ಕೊನೆಗೆ ಸೇರಿಸಿ 1867 ಎಂದು ಬರೆಯುತ್ತಾರೆ. ಯಾರಾದರೂ ಕೈತಪ್ಪಿ 8 ಮತ್ತು 6ನ್ನು ಅದಲುಬದಲು ಮಾಡಿ 1687 ಎಂದು ಒತ್ತಿದರೆ ಮೊತ್ತ 22 ಬರುತ್ತದೆ, ಯಂತ್ರ ಅಲ್ಲೇ ತಡೆಯುತ್ತದೆ. ಯಾವುದೇ ಒಂದು ಅಂಕಿ ತಪ್ಪಿದರೂ ಈ ಲೆಕ್ಕಕ್ಕೆ ಸಿಕ್ಕಿಬೀಳುತ್ತದೆ, ಅಕ್ಕಪಕ್ಕದ ಅಂಕಿಗಳು ಅದಲುಬದಲಾದದ್ದನ್ನು ಮಾತ್ರ 0 ಮತ್ತು 9ರ ಜೋಡಿಯಲ್ಲಿ ಹಿಡಿಯಲಾರದು.